ಗಣಕ ವಿದ್ಯೆಗೆ ಸಾರ್ವಜನಿಕರ ಹಣ: ಬೆಂಗಳೂರಿನಿಂದ ಬೇಲಾಪುರದವರೆಗೆ

ಖಾರ್‌ಘರ್ ರೈಲು ನಿಲ್ದಾಣದ ಎದುರಿಗೆ, ಭಾರತಿ ವಿದ್ಯಾಪೀಠದ ಹತ್ತಿರ, ರೇನ್‌ಟ್ರೀ ಮಾರ್ಗವೆಂಬ ಒಂದು ರಸ್ತೆಯಿದೆ. ನಿಲ್ದಾಣದ ಹೆಸರು ಖಾರ್‌ಘರ್ ಆದರೂ ಅಂಚೆಯವರ ಲೆಕ್ಕದಲ್ಲಿ ಆ ರಸ್ತೆ ನಮ್ಮ ಬೇಲಾಪುರದ ಏಳನೆಯ ಸೆಕ್ಟರಿಗೆ ಸೇರಿದ್ದು. ಅಲ್ಲಿ ಸಿ-ಡ್ಯಾಕ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಆವರಣವುಂಟು. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಆ ದಾರಿಯಲ್ಲಿ ಓಡಾಡುವವರೇ. ಒಳಗೆ ಏನು ನಡೆಯುತ್ತದೆಂದು ಯಾರಾದರೂ ಕೇಳಿದರೆ, “ಏನೋ ಕಂಪ್ಯೂಟರಿಗೆ ಸಂಬಂಧಪಟ್ಟದ್ದು” ಎಂದು ಹೇಳಿ, ತರಕಾರಿಯ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆಯುತ್ತೇವೆ. ಈ ಲೇಖನವು ಆ ‘ಏನೋ’ ಎಂಬುದರ ಪೂರ್ವಚರಿತ್ರೆ.

ಇದನ್ನು ಬರೆಯಲು ಒಂದು ನೆಪವೂ ಒದಗಿತು. 2025ರ ಜುಲೈ 31 ಮತ್ತು ಆಗಸ್ಟ್ 1ರಂದು ಬೆಂಗಳೂರಿನಲ್ಲಿ ಕ್ವಾಂಟಂ ವಿದ್ಯೆಯ ಒಂದು ದೊಡ್ಡ ಸಮ್ಮೇಳನ ನಡೆಯಿತು. ಆ ಸಂದರ್ಭದಲ್ಲಿ ಕರ್ನಾಟಕ ಸರ್ಕಾರವು ಈ ವಿದ್ಯೆಯ ಏಳಿಗೆಗಾಗಿ ಸಾವಿರ ಕೋಟಿ ರೂಪಾಯಿಗಳ ನಿಧಿಯನ್ನು ಸಾರಿತು. ಸುದ್ದಿಯನ್ನು ಓದಿದ ನಮ್ಮ ಸಂಘದ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಬ್ಯಾಂಕಿನ ಲೆಕ್ಕದಲ್ಲಿ ಪಳಗಿದವರು, ನನ್ನನ್ನು ತಡೆದು ನಿಲ್ಲಿಸಿದರು. “ಸಾವಿರ ಕೋಟಿ ರೊಕ್ಕರೀ ರಾಯರ, ಕಣ್ಣಿಗೆ ಕಾಣದ ಯಂತ್ರಕ್ಕ! ಇದರಾಗ ಎಷ್ಟು ಕೆರಿ ಹೂಳು ತಗಸಬಹುದಿತ್ತು?” ಎಂದರು. ಪ್ರಶ್ನೆ ನ್ಯಾಯವಾದುದು. ಜನರ ಹಣಕ್ಕೆ ಜನರು ಲೆಕ್ಕ ಕೇಳಬೇಕಾದದ್ದೇ. ಆಗ ನನಗೆ ಉತ್ತರ ತೋಚಲಿಲ್ಲ. ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದ ಮೇಲೆ ಅರ್ಧ ಉತ್ತರವಾದರೂ ಸಿಕ್ಕಿದೆಯೆಂದು ತೋರುತ್ತದೆ. ಅದನ್ನು ವಾಚಕರ ಮುಂದೆ ಇಡುತ್ತೇನೆ.

ಚರಿತ್ರೆಯ ಮೊದಲ ಪುಟ ಮುಂಬಯಿಯದಲ್ಲ, ನಮ್ಮ ನಾಡಿನದು. ಜಮಶೇಟಜಿ ಟಾಟಾ ಅವರು ಕನಸು ಕಂಡ ವಿಜ್ಞಾನ ಮಂದಿರಕ್ಕೆ 1907ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. ಆ ಭೂಮಿಯಲ್ಲಿ ಎಷ್ಟು ಖಂಡುಗ ರಾಗಿ ಬೆಳೆಯಬಹುದಾಗಿತ್ತೆಂದು ಆ ಕಾಲದಲ್ಲಿಯೂ ಯಾರಾದರೂ ಲೆಕ್ಕ ಹಾಕಿದ್ದರೆ ಆಶ್ಚರ್ಯವಿಲ್ಲ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. 1939ರಲ್ಲಿ ಕೇಂಬ್ರಿಜ್ಜಿನಿಂದ ರಜೆಗೆಂದು ಬಂದಿದ್ದ ಹೋಮಿ ಭಾಭಾ ಅವರು ಯುದ್ಧ ಪ್ರಾರಂಭವಾದುದರಿಂದ ಹಿಂತಿರುಗಲಾರದೆ, ಇದೇ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ವಿಭಾಗಕ್ಕೆ ಸೇರಿಕೊಂಡರು. ಅಲ್ಲಿದ್ದುಕೊಂಡೇ 1944ರ ಮಾರ್ಚಿ 12ರಂದು ಅವರು ದೋರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದು, ಮೂಲಭೂತ ಸಂಶೋಧನೆಗೆ ಮೀಸಲಾದ ಒಂದು ಶಾಲೆ ಬೇಕೆಂದು ಕೇಳಿಕೊಂಡರು. ಹೀಗೆ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರ ಜೂನಿನಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅದೇ ವರ್ಷ ಮುಂಬಯಿಯ ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಎಂಬ ಬಂಗಲೆಗೆ ಬಂದು ನೆಲಸಿತು. ಟ್ರಸ್ಟಿನ ಹಣದ ಜೊತೆಗೆ ಮುಂಬಯಿ ಸರ್ಕಾರದ ಮತ್ತು ಭಾರತ ಸರ್ಕಾರದ ಹಣವೂ ಸೇರಿಕೊಂಡಿತು. ಊರಲ್ಲಿ ಹುಟ್ಟಿ, ಟ್ರಂಕು ಹೊತ್ತು ಮುಂಬಯಿಗೆ ಬಂದು, ಇಲ್ಲಿಯೇ ದೊಡ್ಡವರಾದ ನಮ್ಮ ಮನೆಗಳ ಹಿರಿಯರ ಕಥೆಗೂ ಈ ಸಂಸ್ಥೆಯ ಕಥೆಗೂ ಹೆಚ್ಚು ಅಂತರವಿಲ್ಲ.

ಈ ಸಂಸ್ಥೆಯವರಿಗೆ 1950ರ ದಶಕದಲ್ಲಿ ಒಂದು ಹುಚ್ಚು ಹಿಡಿಯಿತು. ಗಣಕಯಂತ್ರವನ್ನು ನಾವೇ ಏಕೆ ಕಟ್ಟಬಾರದು ಎಂಬುದೇ ಆ ಹುಚ್ಚು. ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಮಹಾಲನೋಬಿಸರು ಇಂಗ್ಲೆಂಡಿನಿಂದ ಒಂದು ಯಂತ್ರವನ್ನು ತರಿಸಿದ್ದರು. ಕೊಂಡು ತರುವುದು ಒಂದು ಮಾರ್ಗ, ಕಟ್ಟಿ ಕಲಿಯುವುದು ಇನ್ನೊಂದು. ಅಮೆರಿಕದಲ್ಲಿ ಗಣಿತ ಓದಿ 1954ರಲ್ಲಿ ಹಿಂತಿರುಗಿದ ಆರ್. ನರಸಿಂಹನ್ ಅವರು ಎರಡನೆಯ ಮಾರ್ಗದ ಮುಂದಾಳಾದರು. 1956ರಲ್ಲಿ ಒಂದು ಸಣ್ಣ ಮಾದರಿ ಯಂತ್ರ ಕೆಲಸ ಮಾಡಿತು. ಪೂರ್ಣ ಯಂತ್ರ 1960ರಲ್ಲಿ ಸಿದ್ಧವಾಯಿತು. ಅದರ ಉಕ್ಕಿನ ಕಪಾಟಿನ ಉದ್ದ 18 ಅಡಿ, ಎತ್ತರ 8 ಅಡಿ. ಒಳಗೆ 2,700 ನಿರ್ವಾತ ಕೊಳವೆಗಳು, ಎಂದರೆ ಹಳೆಯ ರೇಡಿಯೋದಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವುಗಳು, ಮತ್ತು 12,500 ರೆಸಿಸ್ಟರುಗಳು. ಇಷ್ಟೆಲ್ಲ ಸೇರಿ ಅದರ ನೆನಪಿನ ಶಕ್ತಿ 2,048 ಪದಗಳು ಮಾತ್ರ. ಈ ಲೇಖನದಲ್ಲಿರುವ ಮಾತುಗಳನ್ನು ತುಂಬಿಕೊಳ್ಳಲು ಹೋದರೂ ಅದಕ್ಕೆ ಉಬ್ಬಸ ಬರುತ್ತಿದ್ದಿತು. 1962ರ ಜನವರಿಯಲ್ಲಿ ಸಂಸ್ಥೆಯ ಕೊಲಾಬಾ ಕಟ್ಟಡವನ್ನು ಉದ್ಘಾಟಿಸಲು ಬಂದ ಪ್ರಧಾನಮಂತ್ರಿ ನೆಹರೂ ಅವರು ಯಂತ್ರಕ್ಕೆ ‘ಟಿಫ್ರ್ಯಾಕ್’ ಎಂದು ನಾಮಕರಣ ಮಾಡಿದರು.

ಯಂತ್ರವೇನೋ ಆಯಿತು. ಅದಕ್ಕೆ ಕೆಲಸ ಹೇಳುವವರು ಯಾರು? ಟಿಫ್ರ್ಯಾಕ್‌ಗೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲುಗಳಲ್ಲಿ ಅಪ್ಪಣೆ ಬರೆದು ಕೊಡಬೇಕಾಗಿದ್ದಿತು. ಒಂದು ಸೊನ್ನೆ ಅತ್ತಿತ್ತ ಆದರೆ ಇಡೀ ಲೆಕ್ಕ ಹಾಳು. ಈ ಬರವಣಿಗೆಗೆ ಈಗ ನಾವು ತಂತ್ರಾಂಶವೆಂದು ಹೆಸರು ಕೊಟ್ಟಿದ್ದೇವೆ. ಆಗ ಅದು ಒಂದು ಪ್ರತ್ಯೇಕ ಕಸುಬೆಂದು ಯಾರೂ ಎಣಿಸಿರಲಿಲ್ಲ. ಯಂತ್ರಕ್ಕೆ ಬೆಲೆಯಿದೆ, ಅದು ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳಬಹುದು. ಬರವಣಿಗೆಗೆ ಆ ಯೋಗವಿಲ್ಲ.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಿದರೆ ವಾಚಕರು ಮನ್ನಿಸಬೇಕು. ನಾನು ಗುಮಾಸ್ತನಾಗಿದ್ದ ಕಛೇರಿಗೆ, ಅದು ಯಾವುದೆಂದು ಹೇಳುವ ಅಗತ್ಯವಿಲ್ಲ, ಒಮ್ಮೆ ಒಂದು ಗಣಕಯಂತ್ರ ಬಂದಿತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ತೆಂಗಿನಕಾಯಿ ಒಡೆದೆವು. ಮಾರನೆಯ ದಿನ ಅದಕ್ಕೆ ಹೊದಿಕೆ ಹೊದಿಸಿದ್ದು ಒಂದು ವರ್ಷವಾದರೂ ತೆಗೆಯಲಿಲ್ಲ. ಏಕೆಂದರೆ ಯಂತ್ರಕ್ಕೆ ಮಂಜೂರಾತಿಯಿದ್ದಿತೇ ಹೊರತು, ನಮ್ಮ ಖಾತೆಗಳಿಗೆ ಹೊಂದುವಂತೆ ಅದಕ್ಕೆ ಅಪ್ಪಣೆ ಬರೆಯುವ ಒಬ್ಬ ಮನುಷ್ಯನ ಸಂಬಳಕ್ಕೆ ಮಂಜೂರಾತಿಯಿರಲಿಲ್ಲ. ಮುಂದಿನ ಆಯುಧಪೂಜೆಗೆ ಹೊದಿಕೆಯ ಮೇಲೆಯೇ ಕುಂಕುಮವಿಟ್ಟೆವು.

ಕೊಲಾಬಾದವರು ಈ ತಪ್ಪನ್ನು ಮಾಡಲಿಲ್ಲವೆಂಬುದೇ ನಮ್ಮ ಕಥೆಯ ತಿರುಳು. 1964ರಲ್ಲಿ ಅಮೆರಿಕದ ನೆರವಿನಿಂದ ಸಿ.ಡಿ.ಸಿ. 3600 ಎಂಬ ದೊಡ್ಡ ಯಂತ್ರ ಅಲ್ಲಿಗೆ ಬಂದಿತು. ಟಿಫ್ರ್ಯಾಕ್ ಕಾಲಕ್ರಮದಲ್ಲಿ ನಿವೃತ್ತಿ ಹೊಂದಿತು. ಐದಾರು ವರ್ಷವೂ ಬಾಳದ ಯಂತ್ರಕ್ಕೆ ಸುರಿದ ಹಣ ಹೊಳೆಯಲ್ಲಿ ಹುಣಿಸೆಹಣ್ಣು ಕದಡಿದಂತಾಯಿತೆಂದು ಆಗ ಯಾರಾದರೂ ಹೇಳಿದ್ದರೆ ತಕ್ಷಣಕ್ಕೆ ಉತ್ತರ ಕೊಡುವುದು ಕಷ್ಟವಾಗುತ್ತಿದ್ದಿತು. ಆದರೆ ಯಂತ್ರ ಹೋದರೂ, ಅದರ ಮುಂದೆ ಕುಳಿತು ಕಲಿತ ಜನ ಉಳಿದಿದ್ದರು. ಹೊಸ ಯಂತ್ರದ ಮೇಲೆ ಕೆಲಸ ಮಾಡಿಸಿಕೊಳ್ಳಲು ದೇಶದ ನಾನಾ ಭಾಗಗಳಿಂದ ಸಂಶೋಧಕರು ರಂಧ್ರ ಕೊರೆದ ಕಾರ್ಡುಗಳ ಕಟ್ಟುಗಳನ್ನು ಕಳುಹುತ್ತಿದ್ದರು. ಆ ಕಾರ್ಡುಗಳಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಿ ಹೇಳುವ ಶಕ್ತಿ ಇದ್ದುದು ಈ ಜನರಿಗೆ.

ಈ ಜನರನ್ನು ಒಂದು ಕಡೆ ನಿಲ್ಲಿಸಿಕೊಳ್ಳುವ ಸಲುವಾಗಿ, 1970ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಸಹಾಯದೊಡನೆ, ಟಾಟಾ ಸಂಸ್ಥೆಯೊಳಗೇ ತಂತ್ರಾಂಶ ಅಭಿವೃದ್ಧಿಗೆಂದು ಒಂದು ರಾಷ್ಟ್ರೀಯ ಕೇಂದ್ರ ಹುಟ್ಟಿತು. ಯಂತ್ರ ಕಟ್ಟುವುದಕ್ಕಲ್ಲ, ಯಂತ್ರಕ್ಕೆ ಬರೆಯುವುದಕ್ಕೆ ಸಾರ್ವಜನಿಕ ಹಣ! ಆ ಕಾಲಕ್ಕೆ ಇದು ಸಾಮಾನ್ಯವಾದ ಮಾತಾಗಿರಲಿಲ್ಲ. 1985ರಲ್ಲಿ ಈ ಕೇಂದ್ರವು ತಾಯಿಮನೆಯಿಂದ ಬೇರೆಯಾಗಿ, ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಅಥವಾ ಎನ್.ಸಿ.ಎಸ್.ಟಿ. ಎಂಬ ಸ್ವತಂತ್ರ ಸಂಸ್ಥೆಯಾಯಿತು. ಆಗ ತಾಯಿಮನೆಯ ಯಜಮಾನಿಕೆ ನಡೆಸುತ್ತಿದ್ದವರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದು ಹೆಸರು ಮಾಡಿದ ಈ ಕನ್ನಡಿಗರು 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಎನ್.ಸಿ.ಎಸ್.ಟಿ.ಯ ಮೊದಲ ಯಜಮಾನಿಕೆ ಎಸ್. ರಮಣಿ ಅವರದು.

ಎನ್.ಸಿ.ಎಸ್.ಟಿ. ಜುಹೂವಿನಲ್ಲಿ ಮನೆಮಾಡಿತು. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಆರಂಭಿಸಿದ ಅರ್ನೆಟ್ ಎಂಬ ಜಾಲದಲ್ಲಿ ಅದು ಬೆಂಗಳೂರಿನ ವಿಜ್ಞಾನ ಸಂಸ್ಥೆ ಮತ್ತು ಐದು ಐ.ಐ.ಟಿ.ಗಳ ಜೊತೆಗೂಡಿತು. ಸಾಮಾನ್ಯ ಜನರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಎಷ್ಟೋ ವರ್ಷ ಮೊದಲೇ ಜುಹೂ ಮತ್ತು ಪೊವಾಯಿಗಳ ನಡುವೆ ದೂರವಾಣಿ ತಂತಿಯ ಮೇಲೆ ಪತ್ರಗಳು ಓಡಾಡುತ್ತಿದ್ದವು. ಕಾಲಕ್ರಮದಲ್ಲಿ ಸಂಸ್ಥೆ ನವಿ ಮುಂಬಯಿಗೂ ಕೈಚಾಚಿತು. ಇತ್ತ ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಹುಟ್ಟಿದ್ದಿತು. ಅಮೆರಿಕ ತನ್ನ ದೊಡ್ಡ ಗಣಕಯಂತ್ರವನ್ನು ಕೊಡಲು ಹಿಂದೆಗೆದಾಗ ಹಟತೊಟ್ಟು ‘ಪರಮ್’ ಯಂತ್ರವನ್ನು 1991ರಲ್ಲಿ ಕಟ್ಟಿದ ಸಂಸ್ಥೆ ಅದು. 2002ರ ಡಿಸೆಂಬರಿನಲ್ಲಿ ಎನ್.ಸಿ.ಎಸ್.ಟಿ.ಯನ್ನು ಸಿ-ಡ್ಯಾಕ್‌ನೊಡನೆ ಕೂಡಿಸಲಾಯಿತು. ಹೀಗೆ ರೇನ್‌ಟ್ರೀ ಮಾರ್ಗದ ಫಲಕದ ಮೇಲೆ ಸಿ-ಡ್ಯಾಕ್ ಎಂಬ ಹೆಸರು ಬಂದಿತು. ವಂಶವೃಕ್ಷವನ್ನು ಹಿಂದಕ್ಕೆ ಬಿಡಿಸಿಕೊಂಡು ಹೋದರೆ ಜುಹೂ, ಕೊಲಾಬಾ, ಪೆಡ್ಡರ್ ರಸ್ತೆ ದಾಟಿ ಬೆಂಗಳೂರಿನ ಆ 371 ಎಕರೆಗಳಿಗೇ ಹೋಗಿ ಮುಟ್ಟುತ್ತೇವೆ.

ಇದರಿಂದ ಕನ್ನಡಕ್ಕೇನು ಬಂದಿತೆಂದು ರಾಜ್ಯೋತ್ಸವದ ಸಂಚಿಕೆಯಲ್ಲಿ ಕೇಳದಿದ್ದರೆ ಇನ್ನೆಲ್ಲಿ ಕೇಳಬೇಕು? ಬಂದದ್ದು ಸ್ವಲ್ಪವೇನಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. ಗಣಕಯಂತ್ರದ ಮೇಲೆ ಕನ್ನಡವನ್ನು ಬೆರಳಚ್ಚು ಮಾಡಲು, ಇಂಗ್ಲಿಷಿನ 26 ಕೀಲಿಗಳೊಳಗೆಯೇ ನಮ್ಮ ವರ್ಣಮಾಲೆಯನ್ನೆಲ್ಲ ಅಡಗಿಸುವ ಒಂದು ಸರಳವಾದ ವಿನ್ಯಾಸವನ್ನು ಅವರು ರೂಪಿಸಿದರು. ‘ಕ’ಕಾರದ ಕೀಲಿಯನ್ನು ಸುಮ್ಮನೆ ಒತ್ತಿದರೆ ಅಲ್ಪಪ್ರಾಣ, ಮೇಲುಕೀಲಿಯೊಡನೆ ಒತ್ತಿದರೆ ಮಹಾಪ್ರಾಣ. ಮಕ್ಕಳಿಗೂ ಒಂದು ಸಂಜೆಯಲ್ಲಿ ಅಭ್ಯಾಸವಾಗುತ್ತದೆ. ಕರ್ನಾಟಕ ಸರ್ಕಾರ ಮಾನ್ಯಮಾಡಿದ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಈ ವಿನ್ಯಾಸವೇ ಆಧಾರ. ನಾಡು ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟು ಗೌರವಿಸಿದೆ.

ಇನ್ನೊಂದು ಋಣ ಎನ್.ಸಿ.ಎಸ್.ಟಿ.ಯದು. ಲಿಪಿಕಲೆಯಲ್ಲಿ ಪ್ರಖ್ಯಾತರಾಗಿದ್ದ ರಘುನಾಥ ಕೃಷ್ಣ ಜೋಶಿಯವರು ಅಲ್ಲಿದ್ದು ಭಾರತೀಯ ಭಾಷೆಗಳ ಅಕ್ಷರಗಳಿಗೆ ರೂಪು ಕೊಡುವ ಕೆಲಸ ಮಾಡಿದರು. ವಿಂಡೋಸ್ ಗಣಕಯಂತ್ರಗಳಲ್ಲಿ ಕನ್ನಡಕ್ಕೆ ‘ತುಂಗಾ’ ಎಂಬ ಅಕ್ಷರರೂಪವಿದೆಯಷ್ಟೆ. ಅದರ ಲಿಪಿನಿರ್ದೇಶಕರು ಅವರೇ. ಈ ಶತಮಾನದ ಆರಂಭದ ವರ್ಷಗಳಲ್ಲಿ ಪರದೇಶದಲ್ಲಿದ್ದ ಮಗನಿಗೆ ಗಣಕದಲ್ಲಿ ಕನ್ನಡ ಪತ್ರ ಬರೆದ ತಾಯಂದಿರಲ್ಲಿ ಎಷ್ಟೋ ಜನರ ಪರದೆಯ ಮೇಲೆ ಮೂಡಿದ್ದು ಈ ತುಂಗೆಯ ಅಕ್ಷರಗಳೇ. ಟಿಫ್ರ್ಯಾಕ್‌ಗೆ ಹಣ ಮಂಜೂರು ಮಾಡಿದ ಅಧಿಕಾರಿಗೆ ತನ್ನ ರುಜುವಿನ ಫಲವಾಗಿ ಒಂದು ದಿನ ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ಮೂಡುತ್ತವೆಂದು ಸ್ವಪ್ನದಲ್ಲಿಯೂ ತೋರಿರಲಾರದು. ಹಾಗೆಂದು ಅವನು ಅರ್ಜಿಯಲ್ಲಿ ಬರೆದಿದ್ದರೆ ಆಡಿಟ್ ಇಲಾಖೆಯವರು ಬಿಡುತ್ತಿದ್ದರೆ?

ನಮ್ಮ ಬೇಲಾಪುರದಲ್ಲಿಯೇ ಇದಕ್ಕೊಂದು ಹೋಲಿಕೆಯುಂಟು. 1980ರ ದಶಕದಲ್ಲಿ ಸಿಡ್ಕೋ ಸಂಸ್ಥೆಗಾಗಿ ಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಇಲ್ಲಿ ಕಟ್ಟಿಸಿದ ಮನೆಗಳನ್ನು ನೀವೆಲ್ಲ ಕಂಡಿದ್ದೀರಿ. ಏಳೆಂಟು ಮನೆಗಳಿಗೆ ಒಂದು ಅಂಗಳ. ಒಬ್ಬರ ಗೋಡೆ ಇನ್ನೊಬ್ಬರ ಗೋಡೆಗೆ ತಾಗದು. ಸರ್ಕಾರ ಸಣ್ಣ ಮನೆಯನ್ನು ಕಟ್ಟಿಕೊಟ್ಟಿತು. ಉಳಿದದ್ದನ್ನು ಇದ್ದವರು ತಮ್ಮ ಶಕ್ತ್ಯನುಸಾರ ಬೆಳೆಸಿಕೊಂಡರು. ಈಗ ಹೋಗಿ ನೋಡಿದರೆ ಮೊದಲಿನ ಮನೆ ಯಾವುದು, ಬೆಳೆದದ್ದು ಯಾವುದು ಎಂದು ಎಷ್ಟೋ ಕಡೆ ಗುರುತೇ ಸಿಗದು. ಕೊರಿಯಾ ಅವರ ಮೂಲ ರೂಪ ಹಾಳಾಯಿತೆಂದು ಮರುಗುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬೆಳೆಯಲು ಜಾಗ ಬಿಟ್ಟು ಕಟ್ಟಿದ್ದರಿಂದಲೇ ಅವು ಬೆಳೆದವು.

ಈಗ ಕ್ವಾಂಟಂ ಗಣಕದ ಮಾತಿಗೆ ಬರೋಣ. ಸಾಮಾನ್ಯ ಗಣಕದ ಅತಿಸಣ್ಣ ಘಟಕ ದೀಪದ ಗುಂಡಿಯಂತೆ, ಹೊತ್ತಿದೆ ಅಥವಾ ಆರಿದೆ. ಕ್ವಾಂಟಂ ಗಣಕದ ಘಟಕಕ್ಕೆ ಕ್ಯೂಬಿಟ್ ಎಂದು ಹೆಸರು. ಅಳೆದು ನೋಡುವ ತನಕ ಅದು ಎರಡು ಸ್ಥಿತಿಗಳ ಬೆರಕೆಯಲ್ಲಿರಬಲ್ಲದು. ಅನೇಕ ಕ್ಯೂಬಿಟ್‌ಗಳ ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡೂ ಇರಬಲ್ಲವು. ಹಾಗಿದ್ದರೂ, ಎಲ್ಲ ಉತ್ತರಗಳನ್ನೂ ಏಕಕಾಲಕ್ಕೆ ಕೊಡುವ ಮಾಯಾಪೆಟ್ಟಿಗೆ ಅದಲ್ಲ. ಅಳೆದಾಗ ಸಿಗುವುದು ಒಂದೇ ಉತ್ತರ. ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಸರಿಯಾದ ಉತ್ತರದ ಅಲೆ ಮೇಲೇಳುವಂತೆ ಲೆಕ್ಕವನ್ನು ಹೂಡಬೇಕು. ಈ ಹೂಡಿಕೆಯೇ ಕ್ವಾಂಟಂ ತಂತ್ರಾಂಶ. ಚತುರತೆಯೆಲ್ಲ ಇರುವುದು ಅಲ್ಲಿಯೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಟಿಫ್ರ್ಯಾಕ್‌ನ ಕಾಲದಲ್ಲಿ ಯಂತ್ರ ಮೊದಲು, ಬರವಣಿಗೆ ಆಮೇಲೆ. ಕ್ವಾಂಟಂ ವಿದ್ಯೆಯಲ್ಲಿ ಬರವಣಿಗೆಯೇ ಮೊದಲು. ಫೈನ್‌ಮನ್ ಅವರು ಇಂಥ ಯಂತ್ರದ ಮಾತನ್ನು 1981ರ ಒಂದು ಉಪನ್ಯಾಸದಲ್ಲಿ ಎತ್ತಿದರು. 1994ರಲ್ಲಿ ಪೀಟರ್ ಶೋರ್ ಅವರು ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯುವ ಕ್ವಾಂಟಂ ಕ್ರಮವನ್ನು ಬರೆದಾಗ ಅದನ್ನು ನಡೆಸುವ ಯಂತ್ರ ಭೂಮಿಯ ಮೇಲೆ ಇರಲೇ ಇಲ್ಲ. ಬ್ಯಾಂಕಿನ ಗುಟ್ಟುಗಳನ್ನು ಕಾಯುವ ಒಂದು ಮುಖ್ಯ ಬೀಗ ಆ ಲೆಕ್ಕದ ಕಷ್ಟದ ಮೇಲೆಯೇ ನಿಂತಿರುವುದರಿಂದ, ಇಲ್ಲದ ಯಂತ್ರದ ಒಂದು ಬರವಣಿಗೆಗೆ ಲೋಕವೆಲ್ಲ ಬೆಚ್ಚಿತು. 1996ರಲ್ಲಿ ಲವ್ ಗ್ರೋವರ್ ಎಂಬವರು, ದೆಹಲಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದವರು, ಹುಡುಕುವ ಕ್ರಮವೊಂದನ್ನು ಕೊಟ್ಟರು. ಅನುಕ್ರಮವಿಲ್ಲದ ಹತ್ತು ಸಾವಿರ ಚೀಟಿಗಳಲ್ಲಿ ಒಂದನ್ನು ಹುಡುಕಲು ನೂರಕ್ಕೂ ಕಡಮೆ ಹೆಜ್ಜೆ ಸಾಕು. ಈ ಇಬ್ಬರಿಗೂ ಬೇಕಾದದ್ದು ಕಾಗದ, ಪೆನ್ನು, ಸಂಬಳ ಮತ್ತು ಬಿಡುವು. ತಂಪು ಪೆಟ್ಟಿಗೆಯಲ್ಲ.

ನಮ್ಮ ದೇಶದ ಸರ್ಕಾರ ಹೇಗೆ ನಡೆದುಕೊಂಡಿತು? 2020ರ ಫೆಬ್ರುವರಿ 1ರ ಮುಂಗಡಪತ್ರದಲ್ಲಿ ಕ್ವಾಂಟಂ ವಿದ್ಯೆಗೆ ಐದು ವರ್ಷಗಳಿಗೆ 8,000 ಕೋಟಿ ರೂಪಾಯಿ ಎಂದು ಸಾರಲಾಯಿತು. ಆ ಘೋಷಣೆ ಅದೇ ರೂಪದಲ್ಲಿ ಕಾರ್ಯಗತವಾಗಲಿಲ್ಲ. ಮೂರು ವರ್ಷಗಳ ಮೇಲೆ, 2023ರ ಏಪ್ರಿಲ್ 19ರಂದು, ಕೇಂದ್ರ ಮಂತ್ರಿಮಂಡಲವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಯನ್ನು 2030-31ರವರೆಗೆ ಅನ್ವಯವಾಗುವಂತೆ ಒಪ್ಪಿತು. ಹಣ ಇಳಿಯಿತು, ಅವಧಿ ಹೆಚ್ಚಿತು. ಅಮೆರಿಕ 2018ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಶಾಸನ ಮಾಡಿತ್ತೆಂಬುದನ್ನು ನೆನೆದರೆ ನಾವು ಹೊರಟದ್ದು ತಡವೇ. ಯೋಜನೆಯ ನಾಲ್ಕು ಕೇಂದ್ರಗಳಲ್ಲಿ ಗಣಕದ ಕೇಂದ್ರ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಿತು. ಸೂಕ್ಷ್ಮ ಮಾಪನದ ಕೇಂದ್ರ ನಮ್ಮ ನೆರೆಯ ಪೊವಾಯಿಯ ಐ.ಐ.ಟಿ.ಗೆ, ಉಳಿದೆರಡು ಮದರಾಸು ಮತ್ತು ದೆಹಲಿಯ ಐ.ಐ.ಟಿ.ಗಳಿಗೆ. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರವನ್ನು ಕಟ್ಟಬೇಕೆಂಬುದು ಗುರಿ. ಗುರಿಯನ್ನು ಕ್ಯೂಬಿಟ್‌ಗಳಲ್ಲಿ ಎಣಿಸಿದ್ದಾರೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಯಂತ್ರ ಕಟ್ಟುವ ಕೆಲಸ ಮುಂದುವರಿದಿದೆ. 2024ರ ಆಗಸ್ಟಿನಲ್ಲಿ ಕೊಲಾಬಾದ ಅದೇ ಟಾಟಾ ಸಂಸ್ಥೆಯಲ್ಲಿ ಆರು ಕ್ಯೂಬಿಟ್‌ಗಳ ಗಣಕದ ಪರೀಕ್ಷೆ ಮೊದಲಿನಿಂದ ಕೊನೆಯವರೆಗೆ ಪೂರ್ಣಗೊಂಡಿತು. ಕ್ಯೂಬಿಟ್‌ಗಳನ್ನು ಟಾಟಾ ಸಂಸ್ಥೆ ರಚಿಸಿತು. ನಿಯಂತ್ರಣದ ಉಪಕರಣಗಳನ್ನು ರಕ್ಷಣಾ ಸಂಶೋಧನೆಯ ಪುಣೆಯ ಪ್ರಯೋಗಶಾಲೆ ಜೋಡಿಸಿತು. ದೂರದಿಂದ ಲೆಕ್ಕವನ್ನು ಕಳುಹಿ ಉತ್ತರ ಪಡೆಯುವ ತಂತ್ರಾಂಶದ ಬಾಗಿಲನ್ನು ಟಿ.ಸಿ.ಎಸ್. ಕಂಪೆನಿ ಕಟ್ಟಿತು. 2025ರ ಏಪ್ರಿಲಿನಲ್ಲಿ ಬೆಂಗಳೂರಿನ ಕ್ಯೂಪಿಎಐ ಎಂಬ ಕಂಪೆನಿ, ರಾಷ್ಟ್ರೀಯ ಯೋಜನೆಯ ಬೆಂಬಲ ಪಡೆದದ್ದು, 25 ಕ್ಯೂಬಿಟ್‌ಗಳ ಯಂತ್ರವನ್ನು ಪ್ರಕಟಿಸಿತು. ಇವು ಹೆಮ್ಮೆಪಡತಕ್ಕ ಸಂಗತಿಗಳೇ. ಆದರೆ ಲೋಕದಲ್ಲಿ ನೂರರ ಮೇಲೆ ಕ್ಯೂಬಿಟ್‌ಗಳ ಯಂತ್ರಗಳು ಈಗಾಗಲೇ ನಡೆಯುತ್ತಿವೆ. ಯಂತ್ರದ ಓಟದಲ್ಲಿ ನಾವು ಹಿಂದಿರುವುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಬರವಣಿಗೆಯ ಓಟ ಹಾಗಲ್ಲ. ಅದರಲ್ಲಿ ನಮ್ಮವರು ತೋರಿದ ಒಂದು ಚಿಕ್ಕ ಕೆಲಸ ನನಗೆ ಬಹಳ ಹಿಡಿಸಿತು. 2021ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಹಣದಿಂದ, ಬೆಂಗಳೂರಿನ ವಿಜ್ಞಾನ ಸಂಸ್ಥೆ, ರೂರ್ಕಿಯ ಐ.ಐ.ಟಿ. ಮತ್ತು ಸಿ-ಡ್ಯಾಕ್ ಸೇರಿ ‘ಕ್ಯೂಸಿಮ್’ ಎಂಬ ಸಾಧನವನ್ನು ಹೊರತಂದವು. ಇದು ಕ್ವಾಂಟಂ ಗಣಕವಲ್ಲ. ಸಾಮಾನ್ಯ ಗಣಕದ ಮೇಲೆ ಕ್ವಾಂಟಂ ಗಣಕದ ಸೋಗು ಹಾಕುವ ತಂತ್ರಾಂಶ. ಬಯಲಾಟದ ರಾಜನಿಗೆ ರಾಜ್ಯವಿಲ್ಲದಿದ್ದರೂ ರಾಜನ ಮಾತು, ನಡೆಗಳನ್ನು ಕಲಿಯಲು ಅಡ್ಡಿಯಿಲ್ಲವಷ್ಟೆ. ಯಂತ್ರ ಬರುವ ಮೊದಲೇ ವಿದ್ಯಾರ್ಥಿಗಳು ಅದಕ್ಕೆ ಬರೆಯುವುದನ್ನು ಕಲಿಯಲಿ ಎಂಬುದು ಇದರ ಉದ್ದೇಶ.

ಈ ಸೋಗಿಗೂ ಮಿತಿಯುಂಟು. ಒಂದೊಂದು ಕ್ಯೂಬಿಟ್ ಸೇರಿದಾಗಲೂ ನೆನಪಿಟ್ಟುಕೊಳ್ಳಬೇಕಾದ ಸಂಖ್ಯೆಗಳು ಇಮ್ಮಡಿಯಾಗುತ್ತವೆ. ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ಇಮ್ಮಡಿಸಿದ ಕಥೆಯಂತೆಯೇ. ಮೂವತ್ತು ಕ್ಯೂಬಿಟ್‌ಗಳಿಗೆ 107 ಕೋಟಿಗೂ ಮಿಕ್ಕಿದ ಸಂಖ್ಯೆಗಳು, ಅವುಗಳಿಗೆ ಸುಮಾರು 16 ಗಿಗಾಬೈಟು ಜಾಗ. ಇದನ್ನು ಮನೆಯ ಗಣಕದಲ್ಲಿಯೂ ಒದಗಿಸಬಹುದು. ನಲವತ್ತಾದರೆ ಸಾವಿರ ಪಟ್ಟು ಹೆಚ್ಚು. ನಿಜವಾದ ಯಂತ್ರದ ಕ್ಯೂಬಿಟ್‌ಗಳು ಸುತ್ತಲಿನ ಗದ್ದಲಕ್ಕೆ ಬೇಗ ಕೆಡುತ್ತವೆ. ಆ ಕೇಡನ್ನೂ ಸೇರಿಸಿ ನಟಿಸಬೇಕೆಂದರೆ ಅದೇ ಜಾಗದಲ್ಲಿ ಹದಿನೈದು ಕ್ಯೂಬಿಟ್‌ಗಳಷ್ಟೆ ಹಿಡಿಯುತ್ತವೆ. ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಮತ್ತು ಅವರ ವಿದ್ಯಾರ್ಥಿಗಳು ಈ ದಾರಿಯನ್ನೇ ಆರಿಸಿಕೊಂಡರು. ಸಂಖ್ಯೆ ಕಡಮೆಯಾದರೂ ಚಿಂತೆಯಿಲ್ಲ, ಸುಳ್ಳು ಶುದ್ಧವಾದ ಯಂತ್ರಕ್ಕಿಂತ ನಿಜವಾದ ಕೊಳೆಯ ಯಂತ್ರವನ್ನು ವಿದ್ಯಾರ್ಥಿ ಕಾಣಲಿ ಎಂಬುದು ಅದರ ಬೆಲೆ. ಇದೇ ಪಟೇಲರು 2001ರಲ್ಲಿ ಇನ್ನೊಂದು ಸೊಗಸಾದ ಊಹೆಯನ್ನು ಪ್ರಕಟಿಸಿದ್ದರು. ಗ್ರೋವರ್ ಅವರ ಕ್ರಮದಲ್ಲಿ ಒಂದು ಪ್ರಶ್ನೆಗೆ ನಾಲ್ಕು, ಮೂರು ಪ್ರಶ್ನೆಗಳಿಗೆ ಸುಮಾರು ಇಪ್ಪತ್ತು ವಸ್ತುಗಳನ್ನು ಬೇರ್ಪಡಿಸಬಹುದು. ಜೀವಕೋಶದ ಬರವಣಿಗೆಯಲ್ಲಿಯೂ ಅಕ್ಷರಗಳು ನಾಲ್ಕು, ಮೂರಕ್ಷರದ ಪದಗಳು ಸೂಚಿಸುವ ಅಮೈನೋ ಆಮ್ಲಗಳು ಇಪ್ಪತ್ತು! ಪ್ರಕೃತಿ ನಿಜವಾಗಿ ಹಾಗೆ ಮಾಡುತ್ತದೆಂದು ಸಿದ್ಧಪಟ್ಟಿಲ್ಲ. ಆದರೆ ಇಂಥ ಯೋಚನೆಗೆ ಬಿಡುವು ಕೊಡುವ ಮನೆ ನಮ್ಮ ನಾಡಿನಲ್ಲಿ ಉಂಟೆಂಬುದೇ ಒಂದು ಸಂತೋಷ.

ಧಾರವಾಡದ ಆ ಹಿರಿಯರಿಗೆ ಇಷ್ಟನ್ನೂ ಒಂದು ಭಾನುವಾರ ಸಂಜೆ, ಸಂಘದ ಕೋಣೆಯಲ್ಲಿ, ಎರಡು ಲೋಟ ಚಹಾ ಮುಗಿಯುವವರೆಗೆ ಹೇಳಿದೆನು. ಕರ್ನಾಟಕ ಸರ್ಕಾರ ಹೆಸರಘಟ್ಟದ ಕಡೆ 6.17 ಎಕರೆಯಲ್ಲಿ ಕ್ವಾಂಟಂ ನಗರವನ್ನು ಕಟ್ಟುವ ಮಾತನ್ನೂ ಆಡಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಅದೇ ಹೋಬಳಿಯಲ್ಲಿದೆ. 1945ರಲ್ಲಿ ಬೆಂಗಳೂರು ಬಿಟ್ಟು ಬಂದ ಮನೆತನದ ಒಂದು ಕವಲು ಮರಳಿ ಊರು ಸೇರಿದೆಯೆಂದು ಹೇಳಿದಾಗ ಅವರ ಮುಖ ಅರಳಿತು. ಊರಿಗೆ ಮರಳುವ ಮಾತು ಯಾವುದಾದರೂ ನಮ್ಮ ಜನಕ್ಕೆ ಇಷ್ಟವೇ.

ಸರ್ಕಾರದ ಹಣದಿಂದ ಕಲಿತವರಲ್ಲಿ ಅನೇಕರು ಕಂಪೆನಿಗಳಿಗೂ ಪರದೇಶಕ್ಕೂ ಹೋದರಲ್ಲವೆ, ಅದನ್ನು ಯಾವ ಖಾತೆಗೆ ಬರೆಯುವಿರಿ ಎಂದು ಅವರು ಕೇಳಿದರು. ಹೋದರು, ನಿಜ. ಹೋದವರ ಮೇಲೆ ಸಿಟ್ಟಾಗುವುದು ನನ್ನಿಂದಾಗದು. ನಮ್ಮೆಲ್ಲರ ಊರುಗಳಲ್ಲಿಯೂ ನಮ್ಮ ಬಗ್ಗೆ ಇದೇ ಮಾತನ್ನು ಆಡಿದವರಿದ್ದಾರೆ. ಉಳಿದವರನ್ನು ಉಳಿಸಿಕೊಳ್ಳಲು ಏನು ಮಾಡಿದೆವೆಂಬುದು ಬೇರೆ ಪ್ರಶ್ನೆ. ಎನ್.ಸಿ.ಎಸ್.ಟಿ.ಯಂಥ ಒಂದು ಮನೆ ಇದ್ದುದರಿಂದಲೇ ಲಿಪಿಯ ಮೇಲೆ ಕಣ್ಣು ನೆಟ್ಟು ಕೂರುವ ಜೋಶಿಯವರಂಥವರಿಗೆ ಒಂದು ಮೇಜು ಸಿಕ್ಕಿತು.

ಹಿರಿಯರು ಲೋಟವನ್ನು ಕೆಳಗಿಟ್ಟು, ಬ್ಯಾಂಕಿನ ಹಳೆಯ ಅಭ್ಯಾಸದಂತೆ ಬೆರಳಿನಿಂದ ಮೇಜಿನ ಮೇಲೆ ಎರಡು ಗೆರೆ ಎಳೆದರು. “ಕೆರಿ ಮಾತು ನಾ ಬಿಟ್ಟಿಲ್ಲರೀ,” ಎಂದರು. “ಆದರ ಈ ಸಾವಿರ ಕೋಟಿಯೊಳಗ ಯಂತ್ರದ ಕಲಂ ಇದು, ಕಟ್ಟಡದ ಕಲಂ ಇದು. ಬರಿಯೋ ಹುಡುಗರ ಪಗಾರದ ಕಲಂ ಯಾವುದು? ಅದನ್ನ ಮೊದಲು ತೋರಸ್ರಿ.”